ಹಳೆ ಟೆಂಪೋ ಮನೆಯಾಗಬೇಕೆ? ಮೊದಲು ನೀರು ನಿಲ್ಲಿಸಿ

ಭಟ್ಕಳದಿಂದ ಕುಮಟಾವರೆಗೆ ಹೆದ್ದಾರಿ 66ರ ಪಕ್ಕದ ಗ್ಯಾರೇಜುಗಳ ಹಿತ್ತಲಲ್ಲಿ ಇಣುಕಿದರೆ ಹುಲ್ಲಿನ ನಡುವೆ ನಿಂತ ಹಳೆ ಟೆಂಪೋ ಒಂದಾದರೂ ಕಣ್ಣಿಗೆ ಬೀಳುತ್ತದೆ. ಒಂದು ಕಾಲಕ್ಕೆ ಹೊನ್ನಾವರ–ಭಟ್ಕಳ, ಹೊನ್ನಾವರ–ಕುಮಟಾ ಎಂದು ಕೂಗಿ ಕೂಗಿ ಜನ ತುಂಬಿಸಿಕೊಂಡು ಓಡಿದ ಗಾಡಿಗಳು ಅವು. ಮದುವೆ ದಿಬ್ಬಣ, ಧರ್ಮಸ್ಥಳ ಯಾತ್ರೆ, ಆಟದ ಮೇಳ ಎಲ್ಲಕ್ಕೂ ಅವೇ ಆಗಿದ್ದವು. ಈಗ ಮೊಬೈಲಿನಲ್ಲಿ ಗಾಡಿಮನೆಗಳ ವಿಡಿಯೋ ನೋಡಿದವರು ‘ಅದನ್ನೇ ಕೊಂಡು ಒಳಗೊಂದು ಮಂಚ, ಒಂದು ಒಲೆ ಹಾಕಿಸಿದರೆ ಹೇಗೆ’ ಎಂದು ಕೇಳತೊಡಗಿದ್ದಾರೆ.

ಹೇಗೆ ಎಂದರೆ, ಆಗುತ್ತದೆ. ಅಮೆರಿಕ, ಇಂಗ್ಲೆಂಡಿನಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಹಳೆಯ ಟ್ರೈಲರ್ ಮನೆಗಳನ್ನು ಹುಡುಕಿ ತಂದು ದುರಸ್ತಿ ಮಾಡುವ ಹುಚ್ಚು ದೊಡ್ಡದು. ನಮ್ಮಲ್ಲಿ ಆ ಜಾತಿಯ ಗಾಡಿ ಇಲ್ಲವೆಂದೇ ಹೇಳಬೇಕು. ನಮ್ಮ ಕೈಗೆಟಕುವುದು ಬಜಾಜ್ ಟೆಂಪೋ ಕಂಪನಿಯ ಮ್ಯಾಟಡೋರ್, ಅದರ ನಂತರದ ಟ್ರಾವೆಲರ್. ಜರ್ಮನಿಯ ಟೆಂಪೋ ಕಂಪನಿಯ ಮಾದರಿಯಿಂದ ಬಂದದ್ದು ಮ್ಯಾಟಡೋರ್. ಅದರ ತಯಾರಿಕೆ ನಿಂತು ಎರಡು ದಶಕಗಳೇ ಮೀರಿದವು. ಕಂಪನಿಯೂ 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡಿತು. ಆದರೂ ಎಂಜಿನ್ನಿನ ಬಗ್ಗೆ ಅಷ್ಟೊಂದು ಹೆದರಬೇಕಿಲ್ಲ. ಕೊನೆಕೊನೆಯ ಮ್ಯಾಟಡೋರ್‌ಗಳಿಗೆ ಹಾಕಿದ ಮರ್ಸಿಡಿಸ್ ಮೂಲದ ಒಎಂ 616 ಡೀಸೆಲ್ ಎಂಜಿನ್ನಿನ ವಂಶವೇ ಅದೇ ಕಂಪನಿಯ ಟ್ರಾಕ್ಸ್, ಟ್ರಾವೆಲರ್‌ಗಳಲ್ಲೂ ಮುಂದುವರಿದದ್ದರಿಂದ ಬಿಡಿಭಾಗ ಹುಡುಕಿದರೆ ಸಿಗುತ್ತದೆ, ಬಿಚ್ಚಿ ಕೂಡಿಸಲು ಬಲ್ಲ ಹಳೆ ಮೆಕ್ಯಾನಿಕರೂ ಸಿಗುತ್ತಾರೆ.

ಹೆದರಬೇಕಾದದ್ದು ತಗಡಿನ ಬಗ್ಗೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ಉಳಿದ ದಿನವೆಲ್ಲ ಉಪ್ಪುಗಾಳಿ. ಈ ಕರಾವಳಿಯಲ್ಲಿ ಗಾಡಿ ಹಾಳಾಗುವುದು ಓಡಿ ಓಡಿ ಅಲ್ಲ, ನಿಂತು ನಿಂತು. ಆದ್ದರಿಂದ ಮಂಚ, ಪರದೆ, ದೀಪದ ಚೆಂದವನ್ನೆಲ್ಲ ಕೊನೆಗಿಟ್ಟುಕೊಂಡು ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದರಿಂದ ಶುರು ಮಾಡುವುದೇ ಸರಿ. ಬಡಗಿಗಿಂತ ಮೊದಲು ಟಿಂಕರಿಂಗ್‌ನವರನ್ನೂ ದೋಣಿ ರಿಪೇರಿಯವರನ್ನೂ ಮಾತಾಡಿಸಿ. ಬೆಂಗಳೂರಿನ ಕ್ಯಾಂಪರ್ ವ್ಯಾನ್ ನೋಡಿ ನಕಲು ಹೊಡೆದ ಕೆಲಸ ಇಲ್ಲಿ ಎರಡು ಮಳೆಗಾಲ ತಾಳುವುದಿಲ್ಲ.

ಕೊಳ್ಳುವಾಗ

ಮೊದಲ ಪ್ರಶ್ನೆ: ಗಾಡಿ ಮೀನು ಹೊತ್ತದ್ದೇ? ಹೊತ್ತದ್ದಾದರೆ ಎಷ್ಟು ಅಗ್ಗವಾದರೂ ಬೇಡ. ಐಸು ಕರಗಿ ಇಳಿದ ಉಪ್ಪುನೀರು ನೆಲದ ತಗಡಿನ ಜೋಡಣೆಯೊಳಗೆ, ಛಾಸಿಯ ಪೆಟ್ಟಿಗೆಯಂಥ ಉಕ್ಕಿನೊಳಗೆ ವರ್ಷಗಟ್ಟಲೆ ನಿಂತಿರುತ್ತದೆ. ಹೊರಗಿನಿಂದ ಕಪ್ಪು ಬಣ್ಣ ಹೊಳೆಯುತ್ತಿದ್ದರೂ ಒಳಗೆ ಉಕ್ಕು ಹಪ್ಪಳವಾಗಿರುತ್ತದೆ. ವಾಸನೆ ಬಿಟ್ಟುಕೊಡುತ್ತದೆ ಅಂದುಕೊಳ್ಳಬೇಡಿ, ಮಾರುವವರು ಫಿನಾಯಿಲು ಹಾಕಿ ತೊಳೆದೇ ತೋರಿಸುತ್ತಾರೆ. ನೆಲದ ಮ್ಯಾಟು ಎತ್ತಿಸಿ ನೋಡಿ.

ಎರಡನೆಯದು ಪುಟ್ಟಿ. ‘ಎಂತ ತುಕ್ಕಿದ್ರೂ ಪುಟ್ಟಿ ಎಳೆದು ಪೇಂಟ್ ಹೊಡೆದ್ರೆ ಗೊತ್ತೇ ಆಗುದಿಲ್ಲ ಮಾರಾಯ್ರೆ’ ಎಂದು ಟಿಂಕರಿಂಗ್‌ನವರೇ ನಗುತ್ತ ಹೇಳುವ ಮಾತು. ಹಾಗಾಗಿ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇರಲಿ. ಚಕ್ರದ ಕಮಾನು, ಬಾಗಿಲ ಕೆಳಅಂಚು, ಮುಂಗಾಜಿನ ಕೆಳಮೂಲೆ, ಮೆಟ್ಟಿಲ ಬುಡ, ಈ ಜಾಗಗಳಲ್ಲಿ ಅದನ್ನು ಆಡಿಸಿ. ಕಚ್ಚದೆ ಜಾರಿದರೆ ಅಲ್ಲಿ ತಗಡಿಲ್ಲ, ಪುಟ್ಟಿಯಿದೆ. ಆಮೇಲೆ ಗಾಡಿಯ ಅಡಿಗೆ ಮಲಗಿ ಛಾಸಿಯ ಉದ್ದಕ್ಕೂ ಸಣ್ಣ ಸುತ್ತಿಗೆಯಿಂದ ಬಡಿಯುತ್ತ ಹೋಗಿ. ಗಟ್ಟಿ ಉಕ್ಕು ಟಣ್ ಎನ್ನುತ್ತದೆ. ತುಕ್ಕು ತಿಂದ ಉಕ್ಕು ಮೆತ್ತಗೆ ಗೊರ ಎನ್ನುತ್ತದೆ, ಚಕ್ಕೆ ಉದುರುತ್ತದೆ. ಹಿಂದಿನ ಸ್ಪ್ರಿಂಗ್ ಪಟ್ಟಿ ಛಾಸಿಗೆ ಸೇರುವ ಬ್ರಾಕೆಟ್ಟಿನ ಸುತ್ತ ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗಿಳಿಯಿತೆನ್ನಿ, ನಮಸ್ಕಾರ ಹೇಳಿ ಎದ್ದು ಬನ್ನಿ. ನೆಲ, ಬಾಗಿಲು, ಮಾಡು ಇವನ್ನೆಲ್ಲ ಹೊಸದಾಗಿ ಮಾಡಿಸಬಹುದು. ಛಾಸಿ ಹೋದ ಗಾಡಿ ಗುಜರಿಗೇ ಸರಿ.

ದುಡ್ಡು ಕೊಡುವ ಮುನ್ನ ಕಾಗದ. ಈ ಸೀಮೆಯ ಗಾಡಿಗಳಲ್ಲಿ ಬಹಳಷ್ಟು ಹೊನ್ನಾವರದ ಕೆಎ 47 ನಂಬರಿನವು. ಆರ್‌ಸಿಯಲ್ಲಿರುವ ಛಾಸಿ ನಂಬರು ಲೋಹದ ಮೇಲೆ ಕೆತ್ತಿದ್ದರೊಡನೆ ಅಕ್ಷರಕ್ಕಕ್ಷರ ಹೊಂದಬೇಕು. ಬ್ಯಾಂಕ್ ಸಾಲದ ನಮೂದು ತೆಗೆಸಿರಬೇಕು. ಹಳದಿ ಬೋರ್ಡಿನ ಬಾಡಿಗೆ ಟೆಂಪೋ ಆಗಿದ್ದರೆ ಪರ್ಮಿಟ್ ಒಪ್ಪಿಸಿ, ಖಾಸಗಿ ವರ್ಗಕ್ಕೆ ಬದಲಾಯಿಸುವ ಕೆಲಸವಿದೆ. ಖಾಸಗಿ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ತಪಾಸಣೆ ಮಾಡಿಸಿ ನವೀಕರಿಸಬೇಕು.

ದೊಡ್ಡ ತೊಡಕು ಬೇರೆಯೇ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿ ದಾಖಲಾದ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾಲೀಕ ತನ್ನಿಷ್ಟಕ್ಕೆ ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಇನ್ನಷ್ಟು ಬಿಗಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಸೀಟು ಕಿತ್ತು ಮಂಚ ಹಾಕಿದರೂ ಸೀಟಿನ ಸಂಖ್ಯೆ ಬದಲಾಯಿತಲ್ಲ! ಕೇಂದ್ರದ ವಾಹನ ಪಟ್ಟಿಯಲ್ಲಿ ‘ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್’ ಎಂಬ ವರ್ಗ ಇದೆ ಎನ್ನುವುದೇನೋ ನಿಜ. ಆದರೆ ನಿಮ್ಮ ಗಾಡಿ ಅದಕ್ಕೆ ಸೇರಬಹುದೇ, ಯಾವ ನಕ್ಷೆ, ಯಾವ ಪರೀಕ್ಷೆ ಬೇಕು ಎಂಬುದನ್ನು ಗ್ರೈಂಡರ್ ಕೈಗೆತ್ತಿಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ, ಬರಹದಲ್ಲಿ ಅರ್ಜಿ ಕೊಡಿ. ವಿಮೆ ಕಂಪನಿಗೂ ತಿಳಿಸಿ. ಮುಚ್ಚಿಟ್ಟ ಮಾರ್ಪಾಡು ಅಪಘಾತದ ದಿನ ಹೊರಬೀಳುತ್ತದೆ, ಪರಿಹಾರ ಕೈತಪ್ಪುತ್ತದೆ.

‘ವಿಂಟೇಜ್’ ಹೆಸರಿನಲ್ಲಿ ನುಸುಳಬಹುದೇ ಎಂದು ಕೇಳುವವರಿದ್ದಾರೆ. 2021ರ ಜುಲೈನಲ್ಲಿ ಬಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿ, ಮೂಲರೂಪದಲ್ಲೇ ಇರುವ ಗಾಡಿಗಷ್ಟೇ ಆ ಮಾನ್ಯತೆ. ಛಾಸಿ, ಬಾಡಿ, ಎಂಜಿನ್ನಿಗೆ ಕೈ ಹಾಕಿ ದೊಡ್ಡದಾಗಿ ಬದಲಾಯಿಸಿದರೆ ಅದು ಇಲ್ಲ. ಸಿಕ್ಕರೂ ಪ್ರದರ್ಶನ, ರ‍್ಯಾಲಿಗೆ ಓಡಿಸಬಹುದೇ ಹೊರತು ದಿನನಿತ್ಯಕ್ಕಲ್ಲ. ಕುಮಟಾ ತಾಲೂಕಿನ ಗೋಕರ್ಣದ ಕಡೆ ವಿದೇಶಿ ಪ್ರವಾಸಿಗರು ಊರಿಂದಲೇ ಓಡಿಸಿಕೊಂಡು ಬಂದ ಗಾಡಿಮನೆಗಳು ಆಗೀಗ ಕಾಣುತ್ತವೆ. ‘ಇಲ್ಲೇ ಬಿಟ್ಟುಹೋಗುತ್ತೇನೆ, ಅಗ್ಗಕ್ಕೆ ತಗೋ’ ಎಂದರೆ ಮರುಳಾಗಬೇಡಿ. ಅವು ಕಾರ್ನೆಟ್ ಎಂಬ ಕಸ್ಟಮ್ಸ್ ಪತ್ರದ ಮೇಲೆ, ವಾಪಸು ಒಯ್ಯುವ ಕರಾರಿನ ಮೇಲೆ ಒಳಬಂದವು.

ಸೋರಿಕೆ ಹಿಡಿಯುವುದು

ಒಳಗಿನ ರೆಕ್ಸಿನ್, ಹಾರ್ಡ್‌ಬೋರ್ಡ್, ಸ್ಪಂಜು ಎಲ್ಲವನ್ನೂ ಮೊದಲು ಕಿತ್ತುಹಾಕಿ. ಮಾಡಿನ ಹಾಳೆ ಬರಿದಾಗಿ ಕಾಣಬೇಕು. ಇಲ್ಲದಿದ್ದರೆ ನೀರು ಮುಂದಿನ ಮೂಲೆಯಲ್ಲಿ ಒಳಬಂದು ಅಡ್ಡಪಟ್ಟಿಯ ಮೇಲೆ ಹರಿದು ಹಿಂದಿನ ಸೀಟಿನ ಮೇಲೆ ತೊಟ್ಟಿಕ್ಕುತ್ತದೆ. ನೀವು ತೊಟ್ಟಿಕ್ಕಿದ ಜಾಗಕ್ಕೆ ಸೀಲೆಂಟ್ ಬಳಿಯುತ್ತ ಕೂರುತ್ತೀರಿ.

ಒಬ್ಬರು ಒಳಗೆ ಟಾರ್ಚು, ಸೀಮೆಸುಣ್ಣ ಹಿಡಿದು ಕೂರಲಿ, ಇನ್ನೊಬ್ಬರು ಹೊರಗೆ ಪೈಪು ಹಿಡಿಯಲಿ. ನೀರು ಮಳೆಯಂತೆ ಸುರಿಯಬೇಕು, ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಬೇಡ. ಕೆಳಗಿನಿಂದ ಶುರು ಮಾಡಿ: ಬಾಗಿಲ ಅಂಚು, ಕಿಟಕಿಯ ಕೆಳಗೆರೆ, ಮುಂಗಾಜಿನ ರಬ್ಬರ್, ಕಿಟಕಿಯ ಮೇಲ್ಗೆರೆ, ಕೊನೆಗೆ ಮಾಡು. ಮಾಡಿನಿಂದಲೇ ಶುರು ಮಾಡಿದರೆ ನೀರು ಎಲ್ಲೆಲ್ಲೂ ಇಳಿದು, ಬಂದದ್ದೆಲ್ಲಿಂದ ಎಂದು ಗೊತ್ತಾಗುವುದೇ ಇಲ್ಲ. ಒಂದೊಂದು ಜಾಗದಲ್ಲೂ ಹತ್ತು ನಿಮಿಷ ನೀರು ಬಿಡಿ. ಒಳಗಿದ್ದವರು ತೇವದ ಮೊದಲ ಮಿಂಚು ಕಂಡಲ್ಲಿ ಸೀಮೆಸುಣ್ಣದಿಂದ ಸುತ್ತು ಹಾಕಿ ಕೂಗಲಿ.

ಟೆಂಪೋಗಳಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುವ ಕಳ್ಳರು ಮೂವರು. ಸಾಮಾನು ಹೇರಲು ಮಾಡಿನ ಮೇಲೆ ಕೂರಿಸಿದ ಕ್ಯಾರಿಯರಿನ ಬೋಲ್ಟು ತೂತುಗಳು ಒಂದು. ಮಾಡೂ ಗೋಡೆಯೂ ಕೂಡುವಲ್ಲಿ ಉದ್ದಕ್ಕೂ ಇರುವ ನೀರುಗಾಲುವೆಯ ಜೋಡಣೆ ಎರಡು: ಅಲ್ಲಿ ಹಳೆಯ ಸೀಲೆಂಟ್ ಒಣಗಿ ಬಿರುಕು ಬಿಟ್ಟು, ಬಿರುಕಿನೊಳಗೆ ಹುಲ್ಲಿನ ಬೀಜವೂ ಮೊಳೆತಿರುವುದುಂಟು. ಮೂರನೆಯದು ಜಾರುವ ಗಾಜಿನ ಚಾನೆಲ್. ಅದರ ತಳದಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ; ಮಣ್ಣು ಕಟ್ಟಿದರೆ ಚಾನೆಲ್ ತುಂಬಿ ಒಳಕ್ಕೇ ಉಕ್ಕುತ್ತದೆ. ಹೊಸ ಕಿಟಕಿಯೇ ಬೇಕು ಎಂದು ಗ್ಯಾರೇಜಿನವರು ಹೇಳುವ ಮುನ್ನ ಒಂದು ತಂತಿ ತೂರಿಸಿ ನೋಡಿ.

ಹಳೆ ಸೀಲೆಂಟನ್ನು ಪೂರ್ತಿ ಹೆರೆದು, ಥಿನ್ನರಿನಿಂದ ಒರೆಸಿ, ಒಣಗಿಸಿ, ಆಮೇಲಷ್ಟೇ ಹೊಸದು. ಹಾರ್ಡ್‌ವೇರ್ ಅಂಗಡಿಯಲ್ಲಿ ಬಚ್ಚಲಿಗೆಂದು ಮಾರುವ, ವಿನೆಗರ್ ವಾಸನೆಯ ಸಿಲಿಕೋನ್ ಇಲ್ಲಿ ಬೇಡವೇ ಬೇಡ. ಗಟ್ಟಿಯಾಗುವಾಗ ಅದು ಬಿಡುವ ಆಮ್ಲ ಉಕ್ಕನ್ನು ತಿನ್ನುತ್ತದೆ, ಮೇಲಿಂದ ಅದರ ಮೇಲೆ ಬಣ್ಣವೂ ನಿಲ್ಲುವುದಿಲ್ಲ. ಗಾಡಿಯ ಗಾಜು ಕೂರಿಸುವವರು ಬಳಸುವ ಪಾಲಿಯುರೇಥೇನ್ ಸೀಲೆಂಟ್ ಕೇಳಿ ತನ್ನಿ. ಬೋಲ್ಟು ಬಿಗಿಯುವ ಜಾಗಕ್ಕೆ ಬ್ಯುಟೈಲ್ ಟೇಪು ಒಳ್ಳೆಯದು.

ತುಕ್ಕು, ವೆಲ್ಡಿಂಗ್, ಬಣ್ಣ

ದೀಪಾವಳಿ ಕಳೆದ ಮೇಲೆ ಕೆಲಸ ಹಿಡಿದು ಫೆಬ್ರವರಿಯೊಳಗೆ ಬಣ್ಣ ಮುಗಿಸುವಂತಿರಲಿ. ಏಪ್ರಿಲ್, ಮೇನಲ್ಲಿ ಸೆಖೆಯ ಜೊತೆಗೆ ಗಾಳಿಯಲ್ಲಿ ನೀರಿನ ಪಸೆ ಏರುತ್ತದೆ. ಹೊಡೆದ ಬಣ್ಣ ಬಿಳಿಚಿಕೊಳ್ಳುತ್ತದೆ. ಮಳೆಗಾಲದಲ್ಲಿ ‘ಶೆಡ್ಡಿನೊಳಗೆ ಹೊಡೆದುಕೊಡ್ತೇವೆ’ ಎಂದು ಒಪ್ಪುವವರ ಹತ್ತಿರ ಕೊಡಬೇಡಿ.

ಉಜ್ಜುವ ಮೊದಲು ಬಾವಿ ನೀರಿನಿಂದ ಇಡೀ ತಗಡು, ಅಡಿಭಾಗ ತೊಳೆಯಿರಿ. ಇದನ್ನು ಬಹಳ ಜನ ಬಿಡುತ್ತಾರೆ. ತಗಡಿನ ಮೇಲೆ ಕೂತ ಉಪ್ಪು ಸ್ಯಾಂಡ್‌ಪೇಪರಿನ ಗೀರುಗಳಿಗೆ ಇಳಿದರೆ, ಎಷ್ಟು ದುಬಾರಿ ಬಣ್ಣ ಹೊಡೆದರೂ ಒಂದು ವರ್ಷದೊಳಗೆ ಗುಳ್ಳೆ ಏಳುತ್ತದೆ. ತೊಳೆದು ಒಣಗಿಸಿ, ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ತುಕ್ಕನ್ನು ಬೆಳ್ಳನೆಯ ಉಕ್ಕು ಕಾಣುವವರೆಗೂ ಕೆರೆಯಬೇಕು. ತೂತಾದ ಜಾಗವನ್ನು ಗಟ್ಟಿ ತಗಡು ಸಿಗುವಲ್ಲಿವರೆಗೆ ಕತ್ತರಿಸಿ 18 ಗೇಜಿನ, ಅಂದರೆ ಸುಮಾರು 1.2 ಮಿ.ಮೀ. ದಪ್ಪದ ತುಂಡು ಕೂರಿಸಿ. ತುಕ್ಕಿನ ಮೇಲೇ ತುಂಡು ಇಟ್ಟು ನಾಲ್ಕು ಚುಕ್ಕೆ ವೆಲ್ಡ್ ಮಾಡುವುದು ಇಲ್ಲಿನ ಸಾಮಾನ್ಯ ಕಳ್ಳಕೆಲಸ. ಎರಡು ತಗಡಿನ ನಡುವೆ ನೀರು ಕೂತು ಎರಡೂ ಹೋಗುತ್ತವೆ. ಈ ದಪ್ಪಕ್ಕೆ ಕಡ್ಡಿಯ ಆರ್ಕ್ ವೆಲ್ಡಿಂಗ್ ತೂತು ಸುಡುತ್ತದೆ, ಸಿಒ2 ವೆಲ್ಡಿಂಗ್ ಇರುವ ಗ್ಯಾರೇಜು ಹುಡುಕಿ. ವೆಲ್ಡಿಂಗಿಗೆ ಮೊದಲು ಬ್ಯಾಟರಿ ಮತ್ತು ಆಲ್ಟರ್ನೇಟರಿನ ಸಂಪರ್ಕ ಬಿಚ್ಚಿರಲಿ, ಡೀಸೆಲ್ ಟ್ಯಾಂಕು ಹತ್ತಿರವಿದ್ದರೆ ಇಳಿಸಿರಲಿ.

ಕೆರೆದ ಉಕ್ಕನ್ನು ಒಂದು ರಾತ್ರಿ ಬಿಟ್ಟರೂ ಬೆಳಗಿನ ಇಬ್ಬನಿಗೆ ಕೆಂಪು ಹೊದಿಕೆ ಬಂದಿರುತ್ತದೆ. ಅದೇ ದಿನ ಸಂಜೆಯೊಳಗೆ ಎಪಾಕ್ಸಿ ಪ್ರೈಮರ್ ಬೀಳಬೇಕು. ಅಷ್ಟು ಜಾಗವನ್ನೇ ಬೆಳಿಗ್ಗೆ ಕೆರೆಯಿಸಿ. ರೆಡ್ ಆಕ್ಸೈಡ್ ಹೊಡೆದು ವಾರಗಟ್ಟಲೆ ನಿಲ್ಲಿಸಿ ಪ್ರಯೋಜನವಿಲ್ಲ, ಅದು ನೀರು ತಡೆಯುವ ಬಣ್ಣವಲ್ಲ. ಅಡಿಭಾಗಕ್ಕೆ ಸುಟ್ಟ ಎಂಜಿನ್ ಆಯಿಲ್ ಸಿಂಪಡಿಸುವ ಹಳೆ ಪದ್ಧತಿ ನಮ್ಮಲ್ಲಿದೆ. ತುಕ್ಕು ಸ್ವಲ್ಪ ತಡೆಯುವುದು ಹೌದಾದರೂ ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಕೆಡಿಸುತ್ತದೆ, ಅಂಗಳದಲ್ಲಿ ತೊಟ್ಟಿಕ್ಕಿ ಬಾವಿಗಿಳಿಯುತ್ತದೆ. ಬಾಡಿಯ ಟೊಳ್ಳು ಭಾಗಗಳಿಗೆ ವ್ಯಾಕ್ಸ್ ಸಿಂಪಡಿಸಿ, ತಳದ ನೀರುತೂತುಗಳನ್ನು ಮಾತ್ರ ಮುಚ್ಚದಿರಿ.

ಹೊನ್ನಾವರದ ಕಾಸರಕೋಡಿನ ಟೊಂಕ, ತದಡಿ, ಭಟ್ಕಳದ ಬಂದರು, ಎಲ್ಲಿ ಫೈಬರ್ ದೋಣಿ ಇದೆಯೋ ಅಲ್ಲಿ ಅದಕ್ಕೆ ತೇಪೆ ಹಾಕುವ ಕೈಯೂ ಇದೆ. ನೀರಿನ ಪೆಟ್ಟಿಗೆ, ಕೈತೊಳೆಯುವ ಜಾಗದ ತಳ, ಮಾಡಿನ ಕಿಂಡಿಯ ಸುತ್ತಿನ ಕಟ್ಟು ಇವನ್ನೆಲ್ಲ ಅವರಿಂದಲೇ ಮಾಡಿಸಿಕೊಳ್ಳಿ. ಆದರೆ ದೋಣಿಗೆ ಬಳಸುವ ಪಾಲಿಯೆಸ್ಟರ್ ರಾಳ ಉಕ್ಕಿಗೆ ಸರಿಯಾಗಿ ಹಿಡಿಯುವುದಿಲ್ಲ, ತುಕ್ಕುತೂತಿಗೆ ಹಾಕಿದ ಫೈಬರ್ ತೇಪೆ ಒಂದು ದಿನ ಸಿಪ್ಪೆಯಂತೆ ಏಳುತ್ತದೆ. ಉಕ್ಕಿಗೆ ವೆಲ್ಡಿಂಗೇ ಆಗಬೇಕು. ಸ್ವತಃ ಕೈಹಾಕುವ ಉತ್ಸಾಹಿಗಳಿಗೆ ಒಂದು ಎಚ್ಚರಿಕೆ: ರಾಳದ ಜೊತೆ ಸಿಗುವ ಕೋಬಾಲ್ಟನ್ನೂ ಎಂಇಕೆಪಿ ಕ್ಯಾಟಲಿಸ್ಟನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸಿಡಿಯುತ್ತದೆ. ಕೋಬಾಲ್ಟನ್ನು ಮೊದಲು ರಾಳಕ್ಕೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಕ್ಯಾಟಲಿಸ್ಟ್. ಕಣ್ಣಿಗೆ ಕನ್ನಡಕ ಇರಲೇಬೇಕು.

ಒಳಗಿನ ಮನೆ

ನೆಲಕ್ಕೆ 12 ಮಿ.ಮೀ. ಮರೀನ್ ಪ್ಲೈವುಡ್ ಸಾಕು. ಹಾಳೆಯ ಮೇಲೆ ಐಎಸ್ 710 ಎಂಬ ಮುದ್ರೆ ನೋಡಿ ತನ್ನಿ. ಐಎಸ್ 303 ಮನೆಯ ಕಪಾಟಿಗಾಯಿತು, ಇಲ್ಲಿಗಲ್ಲ. ಮರೀನ್ ಪ್ಲೈ ಕೂಡ ಕೊಯ್ದ ಅಂಚಿನಿಂದ ನೀರು ಕುಡಿಯುತ್ತದೆ. ಅಂಚಿಗೂ ಸ್ಕ್ರೂ ತೂತಿಗೂ ಎಪಾಕ್ಸಿ ಬಳಿಯದೆ ಕೂರಿಸಬೇಡಿ. ಗೋಡೆಗೆ 4 ಅಥವಾ 6 ಮಿ.ಮೀ. ಸಾಕಾದೀತು. ಗೋಡೆಯ ಸಂದಿಗೆ ಗ್ಲಾಸ್‌ವುಲ್ ತುಂಬಿದರೆ ಪಸೆ ಹಿಡಿದು ಬೂಷ್ಟು ಬರುತ್ತದೆ, ನೀರು ಹೀರದ ನೈಟ್ರೈಲ್ ಫೋಮ್ ಹಾಳೆ ಅಂಟಿಸಿ. ಅಷ್ಟಾದರೂ ಕರಾವಳಿಯ ಸೆಖೆಗೆ ಮದ್ದು ಗಾಳಿಯೇ. ಮಾಡಿನಲ್ಲಿ ಬಿಸಿಗಾಳಿ ಹೊರಹಾಕುವ ಫ್ಯಾನು, ಎದುರುಬದುರು ಎರಡು ಕಿಟಕಿಗೆ ಸೊಳ್ಳೆಪರದೆ. ಎಸಿಯ ಕನಸು ಬಿಡಿ.

ಊರ ಬಡಗಿಗಳಿಗೆ ಹೆಬ್ಬಲಸಿನ ಮೇಲೆ ಪ್ರೀತಿ. ದೋಣಿಗೆ ಹೆಸರಾದ ಮರ, ನೀರಿಗೆ ಜಗ್ಗುವುದಿಲ್ಲ. ಆದರೆ ಮಂಚ, ಕಪಾಟು ಎಲ್ಲವನ್ನೂ ಅದರಲ್ಲೇ ಮಾಡಿಸಿದರೆ ಗಾಡಿ ಘಟ್ಟ ಹತ್ತದು. ಕೆಲಸ ಶುರುವಾಗುವ ಮುನ್ನ ಒಮ್ಮೆ, ಮುಗಿದ ಮೇಲೆ ಒಮ್ಮೆ ವೇಬ್ರಿಡ್ಜಿನ ಮೇಲೆ ಹತ್ತಿಸಿ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ ಕಳೆದರೆ ಉಳಿದದ್ದರಲ್ಲೇ ಜನ, ಡೀಸೆಲ್, ಸಾಮಾನು, ನೀರು ಎಲ್ಲ ಬರಬೇಕು. ನೂರು ಲೀಟರ್ ನೀರೆಂದರೆ ನೂರು ಕಿಲೋ. ಆ ಟ್ಯಾಂಕು ಆದಷ್ಟು ಕೆಳಗೆ, ಚಕ್ರಗಳ ನಡುವೆ ಇರಲಿ, ಅದರ ಎದುರು ಮಗ್ಗುಲಿಗೆ ಬ್ಯಾಟರಿ.

ಇಕ್ಕಟ್ಟಿನಲ್ಲಿ ಸಾಮಾನು ಜೋಡಿಸುವುದನ್ನು ಕಲಿಯಲು ವಿದೇಶಿ ವಿಡಿಯೋ ಬೇಕಿಲ್ಲ. ಹೊನ್ನಾವರದ ಗುಣವಂತೆಯಲ್ಲಿ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದಂಥ ಯಕ್ಷಗಾನ ಮೇಳಗಳ ಊರು ಇದು. ಕಿರೀಟ, ಗೆಜ್ಜೆ, ಚಂಡೆ, ಬಣ್ಣದ ಡಬ್ಬಿ ಎಲ್ಲ ಪೆಟ್ಟಿಗೆಯೊಳಗೆ ಕೂತು, ಪೆಟ್ಟಿಗೆ ಗಾಡಿಯೊಳಗೆ ಕೂತು, ಮರುದಿನ ಇನ್ನೊಂದೂರಲ್ಲಿ ಕತ್ತಲೆಯಲ್ಲೂ ಕೈಗೆ ಸಿಗುತ್ತದಲ್ಲ, ಅದೇ ಕ್ರಮ ಇಲ್ಲಿಗೂ ಆಗುತ್ತದೆ. ಗೋಡೆಗೆ ಖಾಯಂ ಕೂರಿಸಿದ ಕಪಾಟಿಗಿಂತ ಬೋಲ್ಟು ಬಿಚ್ಚಿ ಹೊರತೆಗೆಯಬಲ್ಲ ಪೆಟ್ಟಿಗೆಗಳೇ ಮೇಲು. ಮಳೆಗಾಲದಲ್ಲಿ ಮನೆಯೊಳಗೆ ತಂದಿಡಬಹುದು, ಹಿಂದಿನ ತಗಡನ್ನೂ ಪರೀಕ್ಷಿಸಬಹುದು.

ಕರೆಂಟಿನ ಲೆಕ್ಕ ಕಾಗದದ ಮೇಲೆ ಮೊದಲು ಆಗಲಿ. 12 ವೋಲ್ಟಿನ 100 ಎಎಚ್ ಲಿಥಿಯಂ ಬ್ಯಾಟರಿಯಲ್ಲಿ ಹೆಚ್ಚೂಕಮ್ಮಿ 1,280 ವ್ಯಾಟ್‌ಅವರ್ ಇರುತ್ತದೆ. 20 ವ್ಯಾಟಿನ ಎರಡು ಫ್ಯಾನು ಎಂಟು ತಾಸು ತಿರುಗಿದರೆ 320, ದೀಪ ಮೊಬೈಲಿಗೆ ನೂರು ಚಿಲ್ಲರೆ. ಸಣ್ಣ ಫ್ರಿಜ್ಜು ಬಂತೋ, ಸೆಖೆಯ ದಿನ ಅದೊಂದೇ ಐನೂರರ ಹತ್ತಿರ ನುಂಗುತ್ತದೆ. 200 ವ್ಯಾಟಿನ ಸೋಲಾರ್ ಹಲಗೆ ಚಳಿಗಾಲದಲ್ಲಿ ಫ್ಯಾನು, ದೀಪವನ್ನು ಆರಾಮಾಗಿ ನಡೆಸುತ್ತದೆ, ಮಳೆಗಾಲದಲ್ಲಿ ಅದನ್ನು ನಂಬಿ ಹೊರಡಬೇಡಿ. ಹಳೆಯ ವೈರಿಂಗಿನ ತುದಿ ಹೆರೆದು ನೋಡಿದರೆ ತಾಮ್ರ ಹಸಿರುಗಟ್ಟಿ ಪುಡಿಯಾಗಿರುತ್ತದೆ. ಉಪ್ಪುಗಾಳಿ ಪ್ಲಾಸ್ಟಿಕ್ಕಿನೊಳಗೂ ಗೇಣುದ್ದ ನುಗ್ಗಿರುತ್ತದೆ. ದೋಣಿಗೆ ಬಳಸುವ, ತವರ ಲೇಪಿಸಿದ ತಾಮ್ರದ ತಂತಿ ತರಿಸಿ. ತುದಿಗಳನ್ನು ತಿರುಚಿ ಟೇಪು ಸುತ್ತುವುದಲ್ಲ, ಲಗ್ ಹಾಕಿ ಒತ್ತಿ, ಮೇಲೆ ಬಿಸಿಗೆ ಕುಗ್ಗುವ ಕೊಳವೆ ಹಾಕಿಸಿ. ಬ್ಯಾಟರಿಯ ಪಕ್ಕದಲ್ಲೇ ಮುಖ್ಯ ಫ್ಯೂಸ್, ಅದೂ ತಂತಿ ತಾಳುವಷ್ಟೇ ಆಂಪಿಯರಿನದು.

ಗ್ಯಾಸು 5 ಕಿಲೋದ ಸಣ್ಣ ಸಿಲಿಂಡರ್ ಇದ್ದರೆ ಸಾಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹಾಸಿಕೊಳ್ಳುತ್ತದೆ. ಹಾಗಾಗಿ ಸಿಲಿಂಡರ್ ಇಡುವ ಗೂಡಿನ ತಳದಲ್ಲೇ ಹೊರಕ್ಕೆ ತೆರೆಯುವ ತೂತು ಬೇಕು. ಗಾಡಿ ಓಡುವಾಗ ರೆಗ್ಯುಲೇಟರ್ ಬಂದ್. ಮಲಗುವಾಗಲೂ.

ರಸ್ತೆಗೆ ಇಳಿಯುವ ಮುನ್ನ

ನಿಂತ ಗಾಡಿಯ ಬ್ರೇಕನ್ನು ನಂಬುವಂತಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಒಳಗಿಂದಲೇ ವೀಲ್ ಸಿಲಿಂಡರನ್ನು ತುಕ್ಕು ಹಿಡಿಸುತ್ತದೆ. ನಾಲ್ಕೂ ಚಕ್ರದ ಸಿಲಿಂಡರ್ ಬಿಚ್ಚಿಸಿ, ರಬ್ಬರ್ ಹೋಸ್ ಹೊಸದು ಹಾಕಿಸಿ, ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ಟೈರಿನ ಟ್ರೆಡ್ ಚೆನ್ನಾಗಿದೆ ಎಂದು ಸಮಾಧಾನ ಪಡುವ ಮುನ್ನ ಮಗ್ಗುಲಿನ ನಾಲ್ಕಂಕಿ ಓದಿ: 3215 ಎಂದಿದ್ದರೆ 2015ರ 32ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ್ದನ್ನು ಘಟ್ಟಕ್ಕೆ ಒಯ್ಯಬೇಡಿ. ಡೀಸೆಲ್ ಟ್ಯಾಂಕನ್ನು ಇಳಿಸಿ ತೊಳೆಯಿಸದಿದ್ದರೆ ತಳದ ಕೆಸರು ಮೊದಲ ಏರಿನಲ್ಲೇ ಫಿಲ್ಟರ್ ಕಟ್ಟುತ್ತದೆ.

ಮೊದಲ ಓಡಾಟ ಗೇರುಸೊಪ್ಪೆ ಹತ್ತಿ ಜೋಗಕ್ಕಲ್ಲ, ದೇವಿಮನೆ ಘಟ್ಟ ಹತ್ತಿ ಶಿರಸಿಗೂ ಅಲ್ಲ. ಹೊನ್ನಾವರದಿಂದ ಮುರ್ಡೇಶ್ವರದವರೆಗೆ ಬಯಲು ರಸ್ತೆಯಲ್ಲಿ ಹೋಗಿ, ಒಂದು ರಾತ್ರಿ ಅನುಮತಿಯಿರುವ ಜಾಗದಲ್ಲಿ ಮಲಗಿ ಬನ್ನಿ. ಮರಳಿಗೆ ಇಳಿಸುವುದು ಬೇಡ; ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದ ಮೇಲೆ ಅಲ್ಲಿ ಕಣ್ಣಿಟ್ಟಿರುತ್ತಾರೆ, ಮಾನ್ಯತೆ ಇಲ್ಲದ ತೀರದಲ್ಲೂ ಮರಳೊಳಗೆ ಹೂತ ಟೆಂಪೋ ಎಳೆಸಲು ಟ್ರಾಕ್ಟರೇ ಬೇಕು. ಮನೆಗೆ ಬಂದ ದಿನವೇ ಅಡಿಭಾಗಕ್ಕೆ ಸಿಹಿನೀರು ಹೊಡೆಯಿರಿ.

ಮಳೆಗಾಲಕ್ಕೆ ತಾರ್ಪಾಲು ಬಿಗಿದು ಕಟ್ಟಿ ಮುಚ್ಚಿದರೆ ಒಳಗೆ ಬೆವರಿ ಬೆವರಿ ಬೂಷ್ಟು ಹಿಡಿಯುತ್ತದೆ. ತಗಡಿನ ಚಪ್ಪರ ಹಾಕಿಸಿ, ಸುತ್ತ ಗಾಳಿಯಾಡಲು ಬಿಡಿ, ಕಿಟಕಿ ಬೆರಳಷ್ಟು ತೆರೆದಿರಲಿ. ತೆಂಗಿನ ಮರದಡಿ ಮಾತ್ರ ನಿಲ್ಲಿಸಬೇಡಿ, ಸೋಲಾರ್ ಹಲಗೆಯ ಮೇಲೆ ಕಾಯಿ ಬಿದ್ದೀತು. ಹದಿನೈದು ದಿನಕ್ಕೊಮ್ಮೆ ಎಂಜಿನ್ ಚಾಲೂ ಮಾಡಿ ನಾಲ್ಕು ಹೆಜ್ಜೆ ಹಿಂದೆ ಮುಂದೆ ಓಡಿಸಿ, ಬ್ರೇಕು ಅಂಟುವುದಿಲ್ಲ. ಇಲಿಗಳಿಗೆ ವೈರಿನ ರುಚಿ ಹತ್ತಿದೆಯೇ ಎಂದು ಬಾನೆಟ್ ಎತ್ತಿ ನೋಡುವುದೂ ಅದೇ ದಿನ ಆಗಲಿ.